ಸತ್ತ ಇಪ್ಪತ್ತು ವರ್ಷಕ್ಕೆ ತೆರೆಯಬೇಕಾದ ಪುಟ

ಅಮೆರಿಕದ ಮಾಜಿ ಸೆನೆಟರ್ ಗ್ರೇಡನ್ ಅವರ ಡೈರಿಗಳನ್ನು ಸ್ಮಿತಾ ಎರಡು ವರ್ಷದಿಂದ ಟೈಪ್ ಮಾಡುತ್ತಿದ್ದಳು. ಅವರು ಸತ್ತು ಇಪ್ಪತ್ತು ವರ್ಷವಾಗುವವರೆಗೆ ಅವನ್ನು ಬೇರೆ ಯಾರೂ ಓದಬಾರದೆಂಬುದು ಕರಾರು.

ಯುದ್ಧ ಶುರುವಾದ ಮೂರನೇ ವಾರ ಅವಳ ತಮ್ಮ ಕಲ್ಮೇಶನನ್ನು ಹಿಡಿದರು. ಕೆಲಸಕ್ಕಿದ್ದ ಕಾರ್ಖಾನೆಯಿಂದ ಸೇನಾ ಲಾರಿಯ ಬ್ರೇಕಿನ ನಕ್ಷೆಗಳನ್ನು ಶತ್ರುದೇಶಕ್ಕೆ ಕಳಿಸಿದನೆಂಬ ಆರೋಪ. ವಿಚಾರಣೆಯಿಲ್ಲ. ಮಂಗಳವಾರ ಕಡಲಾಚೆಯ ಸೇನಾ ಜೈಲಿಗೆ ಒಯ್ಯುತ್ತಾರೆ. ಅಲ್ಲಿಗೆ ವಕೀಲರನ್ನೂ ಬಿಡುವುದಿಲ್ಲ.

"ನೀವೊಂದು ಪತ್ರ ಬರೆದರೆ ನ್ಯಾಯಾಧೀಶರು ಅವನನ್ನು ಒಯ್ಯದಂತೆ ತಡೆಯಬಹುದು," ಎಂದು ಸ್ಮಿತಾ ಬೇಡಿಕೊಂಡಿದ್ದಳು.

"ಯುದ್ಧದ ಹೊತ್ತಲ್ಲಿ ನನ್ನ ಅಭಿಪ್ರಾಯ ಖಾಸಗಿ," ಎಂದಿದ್ದರು ಗ್ರೇಡನ್.

ಭಾನುವಾರ ರಾಚೆಸ್ಟರ್ ಹಿಲ್ಸ್‌ನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ. ಮುಖ್ಯ ಅತಿಥಿ ಅವರೇ. ಅತಿಥಿ ಪರಿಚಯ ಸ್ಮಿತಾಳದು.

"ಹುಟ್ಟಿದ್ದು, ಓದಿದ್ದು, ಪ್ರಶಸ್ತಿ. ಎರಡೇ ನಿಮಿಷ," ಎಂದರು ಸಂಘದ ಅಧ್ಯಕ್ಷ ವಿಜಯ್ ಕುಮಾರ್. "ತಮ್ಮನ ವಿಷಯ ಬೇಡಮ್ಮ. ಇಲ್ಲಿ ಅರ್ಧ ಜನ ವೀಸಾದಲ್ಲಿದೀವಿ."

"ಅವರ ಪರಿಚಯನ ಮಾಡ್ತೀನ್ರಿ, ಬ್ಯಾರೆ ಏನಿಲ್ಲ."

ಪೇಟ ಧರಿಸಿ ಗ್ರೇಡನ್ ವೇದಿಕೆಯ ಮೇಲೆ ಕುಳಿತಿದ್ದರು. ಸ್ಮಿತಾ ಅವರದೇ ಕೈಬರಹದ ಡೈರಿಯ ಹಾಳೆ ಹಿಡಿದು ಇಂಗ್ಲಿಷಿನಲ್ಲಿ ಓದತೊಡಗಿದಳು. ಎರಡನೇ ಸಾಲಿಗೇ ವಿಜಯ್ ಕುಮಾರ್ ಮೈಕ್ ಕಸಿದುಕೊಂಡರು.

"ತಾಂತ್ರಿಕ ತೊಂದರೆ! ಎಲ್ರೂ ಊಟಕ್ಕೆ ಬನ್ನಿ, ಬಿಸಿಬೇಳೆಬಾತ್ ಆರಿಹೋಗತ್ತೆ!"

ಮುನ್ನೂರು ಜನ ಎದ್ದರು. ತಟ್ಟೆಗಳ ಸದ್ದಿನಲ್ಲಿ ಅವಳು ಮೈಕಿಲ್ಲದೆ ಓದಿದಳು. ಗಂಟಲು ಹರಿಯುವಂತೆ ಓದಿದಳು. ಮೊದಲ ಸಾಲಿನಲ್ಲಿ ಕುಳಿತೇ ಇದ್ದವರು ಒಬ್ಬರು: ಮಗಳ ಬಾಣಂತನಕ್ಕೆ ಊರಿಂದ ಬಂದಿದ್ದ ಶಿವಲಿಂಗಮ್ಮ.

"ನಂಗ ತಿಳಿಯುವಂಗ ಹೇಳವಾ. ಏನ ಬರದಾನ ಅಂವಾ?"

ಸ್ಮಿತಾ ಕೆಳಗಿಳಿದು ಕನ್ನಡದಲ್ಲಿ ಹೇಳಿದಳು: "'ಈ ದೇಶ ಹುಟ್ಟಿ ಇಪ್ಪತ್ತೆರಡೇ ವರ್ಷಕ್ಕೆ, ಯುದ್ಧ ಬರತೈತಿ ಅಂತ ಅಂಜಿ, ಪರದೇಶಿಯನ್ನ ವಿಚಾರಣೆ ಇಲ್ದ ಹೊರಗ ಹಾಕೋ ಕಾನೂನು ಮಾಡಿದ್ರು. ನಮ್ಮ ಹಿರಿಯರ ಮೊದಲನೇ ಹೇಡಿತನ ಅದು. ಇವತ್ತ ಮತ್ತ ಅದನ್ನ ಮಾಡಾಕತ್ತೀವಿ. ಬಾಯಿ ಮುಚ್ಕೊಂಡು ಕುಂತ ನಾನೂ ಹೇಡಿನ.'" ತಮ್ಮನನ್ನು ಮಂಗಳವಾರ ಒಯ್ಯುವುದನ್ನೂ ಹೇಳಿದಳು.

"ಇಷ್ಟ ತಿಳದಂವಾ ಸುಮ್ಮ ಕುಂತಾನೇನ?"

ಶಿವಲಿಂಗಮ್ಮ ಮೊಣಕಾಲು ಹಿಡಿದುಕೊಂಡು ವೇದಿಕೆಯ ಮೆಟ್ಟಿಲು ಹತ್ತಿದರು. ಗ್ರೇಡನ್ ಎದುರು ನಿಂತು ಸೆರಗೊಡ್ಡಿದರು.

"ಮಂಗಳವಾರ ಹುಡುಗನ್ನ ಒಯ್ತಾರಂತ. ಕಾಗದದಾಗ ಬರದದ್ದನ್ನ ಬಾಯಾಗ ಹೇಳಪಾ. ಒಂದ ಸಲ."

ಗ್ರೇಡನ್‌ಗೆ ಕನ್ನಡ ಬಾರದು. ವಿಜಯ್ ಕುಮಾರ್ ಕಲಿಸಿದಂತೆ ಕೈ ಜೋಡಿಸಿ "ನಮಸ್ಕಾರ" ಎಂದು ನಕ್ಕರು.

ಸ್ಮಿತಾ ಶಿವಲಿಂಗಮ್ಮನ ಮಾತನ್ನು ಇಂಗ್ಲಿಷಿಗೆ ತಿರುಗಿಸಿದಳು.

ಗ್ರೇಡನ್ ಅವರ ನಗು ಹೋಯಿತು. ಜೋಡಿಸಿದ ಕೈ ಹಾಗೇ ಇತ್ತು. ಗ್ರೇಡನ್ ಬಾಗಿಲ ಕಡೆ ನೋಡಿ, ಕಾರು ತರಿಸಲು ಹೇಳಿದರು.