ಒಂದು ದಿನದ ಟ್ರಯಲ್

ಬೆಳಗಿನಿಂದ ಸಂಜೆಯವರೆಗೆ ಸಿಮೆಂಟು ನೆಲದ ಮೇಲೆ ಕೂತು ತೊಗರಿಬೇಳೆ ಆರಿಸಿದ ಖುರ್ಷೀದ್ ಬೇಗಂ, ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು. ಮೂಗಿನ ತುಂಬ ಹೊಟ್ಟಿನ ಧೂಳು, ಬೆರಳ ತುದಿಯಲ್ಲಿ ಉರಿ. ನಂದೂರಿನ ಆ ದಾಲ್ ಮಿಲ್ಲಿನಲ್ಲಿ ಯಂತ್ರಕ್ಕೆ ಕಾಣದ ಕಲ್ಲು, ಕಪ್ಪು ಕಾಳು ಹೆಂಗಸರ ಕಣ್ಣಿಗೆ ಕಾಣಬೇಕು. ನೀರು ಕುಡಿಯಲು ಎದ್ದವರಿಗೆ, ಎದ್ದರೆ ಟೈಮು ಹೋಗುತ್ತದೆ ಎಂಬ ಉಪದೇಶ ಪುಕ್ಕಟೆ ಸಿಕ್ಕಿತ್ತು. ಬೇಳೆಯೆಲ್ಲ ಚೀಲ ಸೇರಿ, ಚೀಲವೆಲ್ಲ ಲಾರಿ ಏರಿದ ಮೇಲೆ, ಅವರನ್ನು ಕೆಲಸಕ್ಕೆ ಕರೆತಂದ ಏಜೆಂಟ ವಿವೇಕಾನಂದ ಬಂದ. ಮೊಬೈಲಿನಿಂದ ಮುಖ ಎತ್ತದೆ ಒಬ್ಬೊಬ್ಬರಿಗೂ ಫಲಿತಾಂಶ ಹೇಳಿದ.

"ನಿಮ್ಮ ಕೈ ನಿಧಾನ ಅದ್ರಿ. ಟ್ರಯಲ್ ಫೇಲ್."

ಟ್ರಯಲ್ ಅಂದರೆ ಒಂದು ದಿನ ದುಡಿದು ತೋರಿಸುವುದು. ಪಾಸಾದರೆ ಕಾಯಂ ಕೆಲಸ. ಫೇಲಾದರೆ ಆ ದಿನದ ಕೂಲಿಯೂ ಇಲ್ಲ, ಪರೀಕ್ಷೆಗೆ ಕೂಲಿ ಕೊಡುವವರು ಯಾರು?

ವಿವೇಕಾನಂದ ಸಾಮಾನ್ಯ ಆಸಾಮಿಯಲ್ಲ. ಕಲಬುರಗಿಯ ಸ್ಟೇಶನ್ ಬಜಾರದ ಲಾಡ್ಜೊಂದರ ಮೇಲಿನ ಮಹಡಿಯಲ್ಲಿ ಅವನ ರಿಕ್ರೂಟ್‌ಮೆಂಟ್ ಏಜೆನ್ಸಿ. ಖುರ್ಷೀದ್‌ಳ ಊರು ಕಮಲಾಪುರಕ್ಕೆ ಬಂದಾಗ ಬಸ್ ಸ್ಟ್ಯಾಂಡಿನ ಎದುರು ನಿಂತು, ಒಳ್ಳೆಯ ಏಜೆನ್ಸಿ ಹೇಗಿರಬೇಕು ಎಂದು ದೊಡ್ಡ ಭಾಷಣವನ್ನೇ ಬಿಗಿದಿದ್ದ. ಒಳ್ಳೆಯ ಏಜೆನ್ಸಿ ಬಡವರ ಹತ್ತಿರ ಒಂದು ಪೈಸೆ ಕೇಳುವುದಿಲ್ಲ. ಒಳ್ಳೆಯ ಕನ್ಸಲ್ಟಂಟ್ ಆದವನಿಗೆ ಮನುಷ್ಯರ ಗುರುತು ಇರಬೇಕು, ಯಾರ ಕೈಯಲ್ಲಿ ಯಾವ ಕೆಲಸ ಇದೆ ಎಂದು ನೋಡಿದ ಕೂಡಲೇ ತಿಳಿಯಬೇಕು. ಹೀಗೆ ಹೇಳುತ್ತ ಹೇಳುತ್ತ ಅವನು ಅಲ್ಲಿ ಹಣ್ಣು ಮಾರುವ ಅಂಬಮ್ಮನ ಬುಟ್ಟಿಯಿಂದ ಎರಡು ಕೆಂಪು ಬಾಳೆಹಣ್ಣು ಸುಲಿದು ತಿಂದು ಸಿಪ್ಪೆಯನ್ನು ಅಲ್ಲೇ ಬಿಟ್ಟು ಹೋದ. ರೊಕ್ಕ ಕೇಳದ ಏಜೆಂಟನನ್ನು ಆ ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಹಣ್ಣಿನ ಮಾತು ಬೇರೆ.

ಖುರ್ಷೀದ್‌ಗೆ ಆ ಕೆಲಸ ಬೇಕೇ ಬೇಕಿತ್ತು. ಅವಳ ಗಂಡ ಮೈಬೂಬ ದರ್ಜಿ. ಸಕ್ಕರೆ ಕಾಯಿಲೆ ಅವನ ಕಣ್ಣಿನ ಪರದೆಗೆ ಇಳಿದಿತ್ತು. ಸೂಜಿಗೆ ದಾರ ಪೋಣಿಸುವುದು ಹೋಗಲಿ, ಎದುರು ನಿಂತ ಹೆಂಡತಿಯನ್ನು ದನಿಯಿಂದ ಗುರುತು ಹಿಡಿಯುವ ಸ್ಥಿತಿ. ತಿಂಗಳು ತಿಂಗಳು ಕಣ್ಣಿಗೆ ಇಂಜೆಕ್ಷನ್ ಬಿದ್ದರೆ ಉಳಿದಷ್ಟಾದರೂ ಉಳಿಯುತ್ತದೆ ಎಂದಿದ್ದರು ಡಾಕ್ಟರು. ಮಿಲ್ಲಿನಲ್ಲಿ ಕಾಯಂ ಆದರೆ ಇಎಸ್‌ಐ ಕಾರ್ಡು ಸಿಗುತ್ತದೆ, ಕಾರ್ಡಿದ್ದರೆ ಗಂಡನಿಗೂ ಆಸ್ಪತ್ರೆ ಪುಕ್ಕಟೆ. ಖುರ್ಷೀದ್ ಪಗಾರದ ಕನಸು ಕಾಣಲಿಲ್ಲ, ಆ ಕಾರ್ಡಿನ ಕನಸು ಕಂಡಳು.

ಅದಕ್ಕೇ ಫೇಲಾದವಳು ಅಳುತ್ತ ಕೂಡಲಿಲ್ಲ, ಅಭ್ಯಾಸಕ್ಕೆ ಕೂತಳು. ಮನೆಯ ಬೇಳೆ ಮುಗಿದ ಮೇಲೆ ಓಣಿಯವರ ಬೇಳೆ, ಅಕ್ಕಿ, ಗೋಧಿ ಎಲ್ಲ ಇಸಿದುಕೊಂಡು ಆರಿಸಿದಳು. ಆ ವಾರ ಓಣಿಯಲ್ಲಿ ಯಾರ ಹಲ್ಲಿಗೂ ಒಂದು ಹರಳು ಸಿಗಲಿಲ್ಲ. ಕೈ ಚುರುಕಾಗಿದೆ ಎಂದು ತನಗೇ ಧೈರ್ಯ ಬಂದಾಗ ಕಲಬುರಗಿ ಬಸ್ಸು ಹತ್ತಿ ವಿವೇಕಾನಂದನ ಆಫೀಸಿಗೆ ಹೋದಳು. ಇನ್ನೊಂದು ಅವಕಾಶ ಕೊಡಿ ಎಂದು ಕೇಳಲು ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ಅದು ದಂಡವಾಯಿತು. ಅವಳು ಬಾಯಿ ತೆರೆಯುವ ಮೊದಲೇ ಅವನು ಹೊಸದಾಗಿ ಬಂದೀರೇನು, ಒಂದು ದಿನ ಟ್ರಯಲ್ ಇರುತ್ತದೆ, ಕೆಳಗೆ ಜೀಪು ನಿಂತಿದೆ, ಹತ್ತಿ ಎಂದ.

ಅಂದು ಖುರ್ಷೀದ್ ಎಲ್ಲರಿಗಿಂತ ಹೆಚ್ಚು ಆರಿಸಿದಳು. ಪಕ್ಕದವಳ ಗುಡ್ಡೆಗೂ ಕೈ ಹಾಕಿ ಸಹಾಯ ಮಾಡಿದಳು. ಸಂಜೆ ವಿವೇಕಾನಂದ ಮೊಬೈಲು ನೋಡುತ್ತಲೇ ತೀರ್ಪು ಕೊಟ್ಟ.

"ನಿಮಗ ಅವಸರ ಭಾಳ ಅದ್ರಿ. ಟ್ರಯಲ್ ಫೇಲ್."

ಖುರ್ಷೀದ್‌ಗೆ ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದವಳನ್ನು ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಕಮಲಾಪುರದಲ್ಲಿ ಇಳಿದವಳು ಸೀದಾ ಅಂಬಮ್ಮನ ಬುಟ್ಟಿಯ ಪಕ್ಕ ಕೂತು ಎಲ್ಲ ಹೇಳಿದಳು. ಅಂಬಮ್ಮನೂ ಫೇಲಾದವಳೇ. ಆಕೆಗೆ ಕಣ್ಣು ಮಂಜು ಎಂದಿದ್ದನಂತೆ. ರಸ್ತೆಯ ಆಚೆಯಿಂದ ತನಗೆ ಬೇಕಾದ ಬಸ್ಸಿನ ಬೋರ್ಡು ಓದುವ ಅಂಬಮ್ಮ ಇದನ್ನು ಇಷ್ಟು ದಿನ ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಅವಳ ಸೊಸೆ ಶೀಲಾ ಪಿಯುಸಿ ಓದಿದವಳು, ಓದಿದವರು ಬಹಳ ದಿನ ನಿಲ್ಲುವುದಿಲ್ಲ ಎಂದು ಅವಳೂ ಫೇಲು.

"ಪಾಸಾದಾಕಿ ಯಾರರೇ ಇದ್ದಾಳೇನ್ ಅಂಬಮ್ಮ?" ಖುರ್ಷೀದ್ ಕೇಳಿದಳು.

ಅಂಬಮ್ಮ ಕೇಳಿ ನೋಡುತ್ತೇನೆ ಎಂದಳು. ಬಸ್ ಸ್ಟ್ಯಾಂಡಿನ ಹಣ್ಣಿನವಳಿಗೆ ಕೇಳುವುದೇನು ಕಷ್ಟ? ಓಕಳಿ, ಮಹಾಗಾಂವ, ಡೊಂಗರಗಾಂವ, ಎಲ್ಲ ಕಡೆಯ ಹೆಂಗಸರೂ ಅವಳ ಮುಂದೆಯೇ ಬಸ್ಸು ಬದಲಿಸುತ್ತಾರೆ. ಓಕಳಿಯವರು ಫೇಲು. ಮಹಾಗಾಂವದವರು ಫೇಲು. ಡೊಂಗರಗಾಂವದ ಒಬ್ಬಾಕೆಗೆ ಕೆಮ್ಮು ಬರುತ್ತದೆಂದು ಫೇಲು, ಆ ಧೂಳಿನಲ್ಲಿ ಕೆಮ್ಮದವಳು ಹೆಣವೇ ಇರಬೇಕು. ಪಾಸಾದವಳು ಮಾತ್ರ ಯಾವ ಬಸ್ಸಿನಿಂದಲೂ ಇಳಿಯಲಿಲ್ಲ.

ಆಗ ವ್ಯಾಪಾರ ತಿಳಿಯಿತು. ಮಿಲ್ಲಿಗೆ ದಿನಾ ಆಳು ಬೇಕು. ವಿವೇಕಾನಂದ ದಿನಕ್ಕೊಂದು ಊರಿನಿಂದ ಟ್ರಯಲ್‌ಗೆಂದು ತರುತ್ತಾನೆ, ಸಂಜೆ ಫೇಲು ಮಾಡಿ ಕಳಿಸುತ್ತಾನೆ. ಮಿಲ್ಲಿನ ಮಾಲೀಕ ಸೂಗಪ್ಪ ಸಾವ್ಕಾರನಿಗೆ ಕೂಲಿ ಇಲ್ಲದ ಕೂಲಿಗಳು, ವಿವೇಕಾನಂದನಿಗೆ ಕಮಿಷನ್. ಇಂಥವನು ಬಡವರ ಹತ್ತಿರ ರೊಕ್ಕ ಯಾಕೆ ಕೇಳಿಯಾನು? ಫೇಲಾದವರೆಲ್ಲ ತಮ್ಮಲ್ಲೇ ಐಬು ಇದೆ ಎಂದು ನಾಚಿ ಬಾಯಿ ಮುಚ್ಚಿಕೊಂಡಿದ್ದರು. ಅವನ ಏಜೆನ್ಸಿ ನಡೆಯುತ್ತಿದ್ದದ್ದು ಆ ನಾಚಿಕೆಯ ಮೇಲೆ.

ಹೋಗಿ ನಾಲ್ಕು ಮಾತು ಬೈದು ಬರೋಣ ಎಂದಳು ಅಂಬಮ್ಮ. ಖುರ್ಷೀದ್ ಒಪ್ಪಲಿಲ್ಲ.

"ಬೈದ್ರ ಕೇಳಿಸ್ಕೊಂಡು ಚಹಾ ಕುಡೀಲಾಕ ಹೋಗ್ತಾನ. ನಡೀರಿ, ನಾವು ಟ್ರಯಲ್‌ಗೇ ಹೋಗೋಣು."

ಅಂಬಮ್ಮ ಫೇಲಾದ ಊರೂರಿನ ಹೆಂಗಸರಿಗೆ ಬಸ್ಸಿನವರ ಕೈಲಿ ಹೇಳಿಕಳಿಸಿದಳು, ಶೀಲಾ ವಿವೇಕಾನಂದನಿಗೆ ಫೋನು ಮಾಡಿದಳು. ತಮ್ಮದು ಒಳಗಿನ ಒಂದು ತಾಂಡಾದ ಕಡೆಯ ಹಳ್ಳಿ, ಕೆಲಸಕ್ಕೆ ಹೆಂಗಸರು ತಯಾರಿದ್ದಾರೆ, ಕಮಲಾಪುರದ ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲುತ್ತೇವೆ, ಏಜೆನ್ಸಿಯ ಹೆಸರು ಬಹಳ ಕೇಳಿದ್ದೇವೆ ಎಂದು ವಿನಯದಿಂದ ಸುಳ್ಳು ಹೇಳಿದಳು. ಹೊಸ ಊರು ಸಿಕ್ಕ ಖುಷಿಗೆ ವಿವೇಕಾನಂದ ಯಾವ ಊರು ಎಂದೂ ಸರಿಯಾಗಿ ಕೇಳಲಿಲ್ಲ. ಮರುದಿನ ಕಮಲಾಪುರಕ್ಕೇ ಜೀಪು ಕಳಿಸಿದ. ಜೀಪಿನ ಡ್ರೈವರ್ ಸುನೀಲಕುಮಾರ ಮಾತ್ರ ಕನ್ನಡಿಯಲ್ಲಿ ಎಲ್ಲರ ಮುಖ ನೋಡಿದ. ಓಕಳಿಯವರು, ಮಹಾಗಾಂವದವರು, ಎಲ್ಲರೂ ಅವನೇ ಒಮ್ಮೆ ಹೊತ್ತು ತಂದವರು. ಮೀಸೆಯೊಳಗೇ ನಕ್ಕು ಗೇರು ಹಾಕಿದ.

ಮಿಲ್ಲಿನಲ್ಲಿ ವಿವೇಕಾನಂದ ಎಲ್ಲರಿಗೂ ಸ್ವಾಗತ ಹೇಳಿದ. ಹೊಸ ಊರಿನವರು ಗಟ್ಟಿ ಇದ್ದಾರೆ ಎಂದು ಸಾವ್ಕಾರನೂ ಮೆಚ್ಚಿದ. ಹೆಂಗಸರು ತಲೆ ತಗ್ಗಿಸಿ ಕೆಲಸ ಮಾಡಿದರು, ಎಂದೂ ಮಾಡದಷ್ಟು ಚೊಕ್ಕ ಮಾಡಿದರು. ಒಬ್ಬೊಬ್ಬರ ಮುಂದೆಯೂ ಬಲಕ್ಕೆ ಬಂಗಾರದಂಥ ಬೇಳೆಯ ಗುಡ್ಡೆ, ಎಡಕ್ಕೆ ಹೆಕ್ಕಿ ತೆಗೆದ ಕಲ್ಲು ಕಸದ ಗುಡ್ಡೆ. ಮಧ್ಯಾಹ್ನ ಮುಂಬಯಿಗೆ ಹೋಗುವ ಲಾರಿ ಬಂದು ಬಾಗಿಲಿಗೆ ಹಿಂದಾಗಿ ನಿಂತಿತು. ಚೀಲ ತುಂಬಲು ಹಮಾಲರು ಒಳಗೆ ಬಂದರು. ಆಗ ಖುರ್ಷೀದ್ ಎದ್ದು ನಿಂತು, ಚೀಲ ತುಂಬುವ ಮೊದಲೇ ಫಲಿತಾಂಶ ಹೇಳಿ ಎಂದಳು.

ಸಂಜೆ ಹೇಳುತ್ತೇನೆಂದ ವಿವೇಕಾನಂದ. ಈಗಲೇ ಬೇಕು ಎಂದರು ಎಲ್ಲರೂ. ಲಾರಿ ಕಾಯುತ್ತಿದೆ, ಸಾವ್ಕಾರ ಕಣ್ಣು ಕೆಂಪು ಮಾಡುತ್ತಿದ್ದಾನೆ. ರೇಗಿದ ವಿವೇಕಾನಂದನ ಬಾಯಿಂದ ನಿಜ ಬಂದೇಬಿಟ್ಟಿತು.

"ಯಾರೂ ಪಾಸಿಲ್ಲ. ಎಲ್ಲಾರೂ ಫೇಲ್. ಸರೀರಿ ಬಾಜೂಕ."

ಖುರ್ಷೀದ್ ಅವನನ್ನು ಬಿಟ್ಟು ಸಾವ್ಕಾರನ ಕಡೆ ತಿರುಗಿದಳು.

"ಕೆಲಸ ಬರಲಾರದವರು ಆರಿಸಿದ ಬ್ಯಾಳಿ ಮುಂಬೈಗ ಹೆಂಗ ಕಳಸ್ತೀರಿ, ಸಾವ್ಕಾರ್ರ? ನಿಮ್ಮ ಮಿಲ್ಲಿನ ಹೆಸರ ಕೆಡ್ತದ. ಮೊದಲ ಹೆಂಗಿತ್ತೋ ಹಂಗ ಮಾಡಿ ಕೊಡ್ತೀವಿ."

ಅಂಬಮ್ಮ ತನ್ನ ಎಡಗಡೆಯ ಗುಡ್ಡೆಯನ್ನು ಮೊರದಲ್ಲಿ ತುಂಬಿಕೊಂಡು ಬೇಳೆಯ ಮೇಲೆ ಸುರಿದಳು. ಕೈಯಾಡಿಸಿ ಚೆನ್ನಾಗಿ ಬೆರೆಸಿದಳು. ಶೀಲಾ ಸುರಿದಳು. ಓಕಳಿಯವರು, ಮಹಾಗಾಂವದವರು ಸುರಿದರು. ಕೆಮ್ಮಿನಾಕೆ ಕೆಮ್ಮುತ್ತಲೇ ಸುರಿದಳು. ಹಮಾಲರು ಖಾಲಿ ಚೀಲ ಹಿಡಿದು ನಗು ತಡೆದುಕೊಂಡರು. ಸಾವ್ಕಾರನ ಸೊತ್ತನ್ನು ಯಾರೂ ಕದಿಯಲಿಲ್ಲ, ಒಂದು ಕಾಳು ಕೆಡಿಸಲಿಲ್ಲ. ಪುಕ್ಕಟೆ ಕೊಟ್ಟ ದುಡಿಮೆಯನ್ನಷ್ಟೇ ವಾಪಸು ತೆಗೆದುಕೊಂಡರು.

ಸಾವ್ಕಾರ ವಿವೇಕಾನಂದನ ಮೇಲೆ ಹಾರಿಬಿದ್ದ. ತಾಸಿನೊಳಗೆ ಬೇರೆ ಊರಿನವರನ್ನು ತಂದು ಕೂಡಿಸು ಎಂದು ಕೂಗಾಡಿದ. ವಿವೇಕಾನಂದ ಜೀಪು ತೆಗೆಯಲು ಹೇಳಿದ. ಬಾಗಿಲಲ್ಲಿ ನಿಂತಿದ್ದ ಸುನೀಲಕುಮಾರ ಅಲುಗಲಿಲ್ಲ.

"ಯಾವ ಊರಿಗಿ ಹೋಗ್ಲಿ ಸರ್? ನಾವು ತರೋ ಊರೆಲ್ಲಾ ಇಲ್ಲೇ ಕುಂತಾವ."

ಸಾವ್ಕಾರ ಹಳೆಯ ಹುಲಿ. ದನಿ ಇಳಿಸಿ ಖುರ್ಷೀದ್‌ಳ ಹತ್ತಿರ ಬಂದ. ಅವಳ ಗುಡ್ಡೆ ಒಂದೇ ಇನ್ನೂ ಬೆರೆಯದೆ ಉಳಿದಿತ್ತು. ನಿನ್ನಂಥ ಹುಷಾರು ಹೆಂಗಸು ನಮಗೆ ಬೇಕು, ಇಂದಿನಿಂದಲೇ ನೀನು ಕಾಯಂ, ನಾಳೆಯೇ ಇಎಸ್‌ಐ ಕಾರ್ಡಿಗೆ ಹಾಕಿಸುತ್ತೇನೆ, ಇವರಿಗಷ್ಟು ತಿಳಿಸಿ ಹೇಳು ಎಂದ.

ಮನೆಯಲ್ಲಿ ಗೋಡೆ ತಡವುತ್ತ ನಡೆಯುವ ಮೈಬೂಬ ಖುರ್ಷೀದ್‌ಳ ಕಣ್ಣ ಮುಂದೆ ಬಂದ. ಹೂಂ ಎನ್ನಬೇಕೆಂದು ಅವಳಿಗೆ ನಿಜವಾಗಿಯೂ ಅನ್ನಿಸಿತು, ಅನ್ನಿಸಿದ್ದಕ್ಕೆ ಅಳುವೂ ಬಂತು. ಹೆಂಗಸರು ಯಾರೂ ಅವಳಿಗೆ ಬೇಡ ಎನ್ನಲಿಲ್ಲ. ಅಂಬಮ್ಮನಂತೂ ಮೈಬೂಬನ ಕಣ್ಣು ನೆನೆಸಿಕೊಂಡು, ಒಪ್ಪಿಕೋ ಎಂಬಂತೆ ತಲೆಯಾಡಿಸಿದಳು.

ಖುರ್ಷೀದ್ ಸೆರಗಿನಿಂದ ಮುಖ ಒರೆಸಿಕೊಂಡಳು. ಬಗ್ಗಿ ಎಡಗಡೆಯ ಕಲ್ಲನ್ನೆಲ್ಲ ಮೊರಕ್ಕೆ ಬಳಿದುಕೊಂಡು ತನ್ನ ಬೇಳೆಯ ನಡುವಿಗೇ ಸುರಿದಳು. ಒಂದೂ ಮೇಲೆ ಕಾಣದಂತೆ ಎರಡೂ ಕೈಯಿಂದ ಬೆರೆಸಿ, ಉಳಿದವರ ಸಾಲಿನಲ್ಲಿ ಹೋಗಿ ಕೂತಳು.

"ಈಗ ಕೇಳ್ರಿ ಸಾವ್ಕಾರ್ರ," ಎಂದಳು. "ಕಾಯಂ ಆಗ್ತೀರೇನಂತ ಎಲ್ಲಾರಿಗೂ ಕೂಡೇ ಕೇಳ್ರಿ."