ಟೀಚರ ಫೋನು, ಗಡಿಯಾರದವರ ಕಿವಿ

ಗಡಿಯಾರ ರಿಪೇರಿಗೆ ಕಣ್ಣು ಬೇಕೇ ಬೇಕು. ಕಿವಿ ಇಲ್ಲದಿದ್ದರೂ ಹೇಗೋ ನಡೆಯುತ್ತದೆ. ನಮ್ಮ ಗಡಿಯಾರದವರು ಐದು ವರ್ಷದಿಂದ ಇದನ್ನು ಸಾಧಿಸಿ ತೋರಿಸಿದ್ದರು. ಬಿಚ್ಚಿ ಜೋಡಿಸಿದ ವಾಚು ನಡೆಯುತ್ತಿದೆಯೋ ಇಲ್ಲವೋ ತಿಳಿಯಬೇಕಾದಾಗ ಅದನ್ನು ಮುಂದಿನ ಹಲ್ಲುಗಳ ನಡುವೆ ಮೆಲ್ಲಗೆ ಕಚ್ಚಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಟಿಕ್ ಟಿಕ್ ಎನ್ನುವುದು ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಗೆ ಹತ್ತುತ್ತಿತ್ತು. ತಾತನ ಕಾಲದ ವಾಚು ಇನ್ನೊಬ್ಬರ ಬಾಯಿಗೆ ಹೋಗುವುದನ್ನು ಕಂಡ ಗಿರಾಕಿಗಳು ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. "ಹಲ್ಲು ಸುಳ್ಳು ಹೇಳಲ್ಲ ಸ್ವಾಮಿ," ಎಂದು ಇವರು ಅದನ್ನು ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದರು.

ಮನುಷ್ಯರ ಮಾತನ್ನು ಮಾತ್ರ ಕಚ್ಚಿ ಕೇಳಲು ಬರುವುದಿಲ್ಲವಲ್ಲ. ಅದಕ್ಕೆ ಅವರ ಹೆಂಡತಿ ಕೂಗುತ್ತಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು, ಬೀದಿಗೆಲ್ಲ ಇನ್ನೂ ಟೀಚರು. ಅವರಿಗೆ ಕೂಗುವುದು ಹೊಸದಲ್ಲ. ಟೀಚರು "ಊಟಕ್ಕೆ ಬನ್ನೀ" ಎಂದರೆ ಎದುರು ಮನೆಯವರೂ ಕೈ ತೊಳೆಯುತ್ತಾರೆ ಎಂದು ಬೀದಿಯವರು ನಗುತ್ತಿದ್ದರು. ಗ್ಯಾಸ್ ಆರಿಸಿ, ಬಾಗಿಲು ಹಾಕಿ, ಮಾತ್ರೆ ತಗೊಳ್ಳಿ. ಐದು ವರ್ಷದಲ್ಲಿ ಗಂಡ ಹೆಂಡಿರ ಮಾತುಕತೆ ಇಷ್ಟಕ್ಕೆ ಬಂದು ನಿಂತಿತ್ತು. ಕೂಗಿ ಹೇಳಬಹುದಾದದ್ದು ಮಾತ್ರ ಉಳಿದಿತ್ತು.

ಒಂದು ಭಾನುವಾರ ಅಳಿಯ ಶ್ರವಣಯಂತ್ರ ತಂದ. ಕಡಲೆಬೀಜದ ಗಾತ್ರದವು, ಕಿವಿಗೊಂದರಂತೆ ಎರಡು. ಅಳಿಯನಿಗೆ ಯಂತ್ರಗಳ ವಿಷಯದಲ್ಲಿ ಗೊತ್ತಿಲ್ಲದ್ದು ಇಲ್ಲ, ಗೊತ್ತಿದ್ದದ್ದೂ ಅರ್ಧವೇ. "ಇದಕ್ಕೆ ಸ್ಮಾರ್ಟ್‌ಫೋನ್ ಬೇಕು ಮಾವ. ನಿಮ್ಮದು ಗುಂಡಿ ಒತ್ತೋ ಫೋನು. ಅತ್ತೆಯ ಫೋನಿಗೆ ಸೇರಿಸ್ತೀನಿ, ಆಮೇಲೆ ನೀವು ಅದರ ತಂಟೆಗೇ ಹೋಗಬೇಡಿ," ಎಂದ. ಬೆರಳಾಡಿಸಿ ಸೇರಿಸಿದ, ಊಟ ಮಾಡಿದ, ಸಂಜೆಯ ಬಸ್ಸು ಹತ್ತಿದ.

ಸೋಮವಾರದಿಂದ ಶುರುವಾಯಿತು. ಯಂತ್ರವು ವಾಚಿನ ಟಿಕ್ ಟಿಕ್ಕನ್ನು ಗದ್ದಲವೆಂದು ತಿಳಿದು ಸೋಸಿ ಹಾಕಿತು. ನಲ್ಲಿ, ಫ್ಯಾನು, ಪಾತ್ರೆಗಳನ್ನು ಹತ್ತರಷ್ಟು ಮಾಡಿ ಕಿವಿಗೆ ಸುರಿಯಿತು. ಅದನ್ನಾದರೂ ಸಹಿಸಬಹುದಿತ್ತು. ಬುಧವಾರ ಒಬ್ಬ ಗಿರಾಕಿಯೆದುರು ವಾಚಿನ ಬೆನ್ನು ತೆಗೆಯುತ್ತಿದ್ದಾಗ ಕಿವಿಯೊಳಗೆ ಯಾವನೋ ಗಂಡಸು, "ಮೇಡಂ, ಪಾರ್ಸಲ್ ಇದೆ, ಮನೆ ಎಲ್ಲಿ?" ಎಂದ. "ಹಸಿರು ಗೇಟಿನ ಪಕ್ಕ," ಎಂದು ಇವರು ವಾಚಿಗೆ ಉತ್ತರ ಕೊಟ್ಟರು. ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದ.

"ಕಿವಿಯೊಳಗೆ ಯಾರೋ ಮಾತಾಡ್ತಾರೆ ಕಣೇ," ಎಂದು ಅಂದು ಊಟದ ಹೊತ್ತಿಗೆ ಹೆಂಡತಿಗೆ ಹೇಳಿದರು. ಟೀಚರು ಚಮಚ ಕೆಳಗಿಟ್ಟು ನೋಡಿದರು. ಆ ನೋಟ ಗಡಿಯಾರದವರಿಗೆ ಗೊತ್ತಿತ್ತು. ತಮ್ಮ ಅಪ್ಪನಿಗೆ ಕೊನೆಗಾಲದಲ್ಲಿ ಮರೆವು ಹತ್ತಿದಾಗ ಮನೆಯವರೆಲ್ಲ ಹೀಗೇ ನೋಡುತ್ತಿದ್ದರು. ಅವರಿಗೆ ಹೆದರಿಕೆಯಾಯಿತು. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಇತ್ತ ಟೀಚರ ಫೋನು ಕೈಕೊಟ್ಟಿತ್ತು. ಗಂಟೆ ಬಾರಿಸುತ್ತದೆ, ಎತ್ತಿದರೆ ಆ ಕಡೆಯಿಂದ ಪಿಟ್ಟೆನ್ನುವ ಸದ್ದಿಲ್ಲ. ಎರಡು ಬೀದಿ ಆಚೆಯ ಮೊಬೈಲ್ ಅಂಗಡಿಗೆ ಒಯ್ದರು. ಅಂಗಡಿಯವನು ತನ್ನ ಫೋನಿನಿಂದ ಮಾಡಿ ನೋಡಿದ. ಮಾತು ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಕೇಳಿಸಿತು. "ಏನೂ ಆಗಿಲ್ಲ ಮೇಡಂ," ಎಂದ. ಮನೆಗೆ ಬಂದರೆ ಮತ್ತೆ ಮೂಕ. ಅಳಿಯನಿಗೆ ಅಂಗಡಿಯಿಂದಲೇ ಕೇಳಿದ್ದಾಯಿತು. "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅತ್ತೆ," ಎಂದ. ಯಂತ್ರದ ಗದ್ದಲದ ಬಗ್ಗೆ ಕೇಳಿದ್ದ ಮಾವನಿಗೂ ಅವನು ಅದನ್ನೇ ಹೇಳಿದ್ದ. ಎರಡು ಯಂತ್ರಗಳೂ ದೂರ ದೂರವಿದ್ದಾಗ ಬಂಗಾರ. ಒಂದೇ ಸೂರಿನಡಿ ಬಂದರೆ ಎಣ್ಣೆ ಸೀಗೆಕಾಯಿ. ಗಂಡ ಕಿವಿಯನ್ನು ಬೈದುಕೊಂಡರು, ಹೆಂಡತಿ ಫೋನನ್ನು ಬೈದರು. ಕೂತು ಇಬ್ಬರೂ ತಮ್ಮ ತಮ್ಮ ಗೋಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಐದು ನಿಮಿಷದಲ್ಲಿ ಬಗೆಹರಿಯುತ್ತಿತ್ತು. ಆದರೆ ಕೂಗಿ ಹೇಳುವಷ್ಟು ದೊಡ್ಡ ವಿಷಯ ಅದಲ್ಲ ಎಂದು ಇಬ್ಬರಿಗೂ ಅನಿಸಿತ್ತು.

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಫೋನು ಬಡಿದುಕೊಂಡಿತು. ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವೆ ಹತ್ತು ಹೆಜ್ಜೆ. ಗಡಿಯಾರದವರು ಒಂದು ಹೆಂಗಸರ ವಾಚನ್ನು ಆಗತಾನೆ ಹಲ್ಲಿಗೆ ಕಚ್ಚಿದ್ದರು.

"ಅಕ್ಕಾ, ನಾನು ಕಣೇ," ಎಂದಿತು ಕಿವಿ.

ನಾದಿನಿಯ ದನಿ. ಇದು ಮರೆವಲ್ಲ, ಭ್ರಮೆಯಲ್ಲ, ಹೆಂಡತಿಯ ಫೋನು ದಾರಿ ತಪ್ಪಿ ತನ್ನ ಕಿವಿಗೆ ಬರುತ್ತಿದೆ ಎಂದು ಅವರಿಗೆ ಹೊಳೆದದ್ದು ಆಗ. ನಗು ಬಂತು. ಬಾಯಲ್ಲಿ ವಾಚಿದ್ದರಿಂದ ತಡೆದುಕೊಂಡರು.

"ಮಂಗಳವಾರ ಸ್ಕ್ಯಾನಿಂಗಿಗೆ ಒಬ್ಬಳೇ ಹೋಗ್ತೀನಿ ಅಂತ ಹಟ ಮಾಡ್ಬೇಡ. ಗಂಟು ಅಂದ ತಕ್ಷಣ ಅದೇ ಆಗಿರ್ಬೇಕು ಅಂತೇನಿಲ್ಲ, ಡಾಕ್ಟ್ರೇ ಅಂದಿದಾರಲ್ಲ. ಭಾವನಿಗೆ ಹೇಳಿದ್ಯಾ? ಎದೇಲಿ ಗಂಟಿದೆ ಅಂತ ಕೂಗಿ ಹೇಳಿದ್ರೆ ಬೀದಿಗೆಲ್ಲ ಗೊತ್ತಾಗುತ್ತೆ ಅಂದೆ, ಸರಿ. ಚೀಟೀಲಾದ್ರೂ ಬರ್ದು ಕೊಡೆ. ಅಕ್ಕಾ? ಕೇಳಿಸ್ತಾ ಇದೆಯಾ? ಅಕ್ಕಾ?"

ಒಳಗಿನಿಂದ ಟೀಚರ ದನಿ ಬಂತು. "ಹಲೋ? ಹಲೋ! ಹಾಳಾದ್ ಫೋನು."

ಗಡಿಯಾರದವರು ಬಾಯಿಂದ ವಾಚು ತೆಗೆದು ಮೇಜಿನ ಮೇಲಿಟ್ಟರು. ಅದು ನಡೆಯುತ್ತಿತ್ತೋ ನಿಂತಿತ್ತೋ ಅವರು ಗಮನಿಸಿರಲಿಲ್ಲ. ಎಷ್ಟು ದಿನದಿಂದ ಇವಳು ಇದನ್ನು ಒಬ್ಬಳೇ ಹೊತ್ತುಕೊಂಡು, ಮಾತ್ರೆ ತಗೊಳ್ಳಿ ಎಂದು ತನಗೆ ಕೂಗುತ್ತಿದ್ದಾಳೆ ಎಂದು ಲೆಕ್ಕ ಹಾಕಲು ಹೋಗಿ ನಾಚಿಕೆಯಾಗಿ ಬಿಟ್ಟರು. ಕೇಳಿಸಿಕೊಂಡೆ ಎಂದು ಹೋಗಿ ಹೇಳುವಂತಿಲ್ಲ. ತನಗೆಂದು ಬಂದ ಮಾತಲ್ಲ ಅದು. ಹೆಂಡತಿಯೇ ಹೇಳಬೇಕು, ಅವರು ಹೇಳಬೇಕಾದರೆ ಕೂಗದೆ ಹೇಳುವಂತಾಗಬೇಕು.

ಎದ್ದು ಅಡುಗೆಮನೆಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಹಾಡಹಗಲಿನಲ್ಲಿ ಅವರು ಅಲ್ಲಿಗೆ ಬಂದು ಕೂತದ್ದು ಯಾವ ಕಾಲದಲ್ಲೋ.

"ಏನ್ರೀ? ಟೀ ಬೇಕಾ?" ಟೀಚರು ಕೂಗಿದರು.

"ಕೂಗ್ಬೇಡ್ವೇ. ಈಗ ಚೆನ್ನಾಗಿ ಕೇಳಿಸ್ತಿದೆ. ಅಳಿಯ ಹೇಳಿದ ಹಾಗೆ ಆಫ್ ಮಾಡಿ ಆನ್ ಮಾಡಿದೆ, ಸರಿಹೋಯ್ತು."

ಹಲ್ಲು ಸುಳ್ಳು ಹೇಳುವುದಿಲ್ಲ. ಹಲ್ಲಿನ ಯಜಮಾನರು ಮಾತ್ರ ಸುಳ್ಳು ಹೇಳಿದರು.

"ಮೆಲ್ಲಗೆ ಹೇಳಿದ್ರೂ?"

"ಮೆಲ್ಲಗೆ ಹೇಳಿದ್ರೂ."

ಟೀಚರು ನಂಬಿದ ಹಾಗೆ ಕಾಣಲಿಲ್ಲ. ಬೆನ್ನು ತಿರುಗಿಸಿ ನಲ್ಲಿ ಬಿಟ್ಟು ಪಾತ್ರೆಗೆ ಕೈ ಹಾಕಿದರು. ಗಡಿಯಾರದವರ ಎರಡು ಕಿವಿಯಲ್ಲೂ ಜಲಪಾತ ಧುಮ್ಮಿಕ್ಕಿತು. ಆ ಭೋರ್ಗರೆತದ ನಡುವೆ ಹೆಂಡತಿಯ ಕುತ್ತಿಗೆ ಒಂದಿಷ್ಟು ಅಲುಗಿತು, ಹೆಗಲು ಮೇಲೆದ್ದು ಇಳಿಯಿತು. ಏನೋ ಹೇಳಿದ್ದರು. ಹೇಳಿದ ಹಾಗೂ ಆಗಬೇಕು, ಕೇಳಿಸಲೂ ಬಾರದು, ಅಷ್ಟು ಮೆಲ್ಲಗೆ. ಈಗ ಕೈ ನಿಲ್ಲಿಸಿ ಕಾಯುತ್ತಿದ್ದರು.

ಒಂದಕ್ಷರವೂ ಕಿವಿಗೆ ಬಿದ್ದಿರಲಿಲ್ಲ. ಸೋಪು ಮುಗಿದಿದೆ ಎಂದಿದ್ದರೂ ಎಂದಿರಬಹುದು. ಹಾಗಿದ್ದರೆ ಈಗ ಬಾಯಿ ಬಿಟ್ಟರೆ ಎಲ್ಲ ಬಯಲಾಗುತ್ತದೆ. ಗಡಿಯಾರದವರು ಹೆಂಡತಿಯ ಬೆನ್ನನ್ನೇ ನೋಡಿದರು.

"ನಾನೂ ಬರ್ತೀನಿ," ಎಂದರು.

ಟೀಚರ ಕೈಯಿಂದ ಲೋಟ ಜಾರಿತು. ನಲ್ಲಿ ನಿಲ್ಲಿಸಿದರು. ತಿರುಗದೆಯೇ, "ಕೇಳಿಸ್ತಾ?" ಎಂದರು.

ನೀರು ನಿಂತಿದ್ದರಿಂದ ಅದು ಕೇಳಿಸಿತು. "ಕೇಳಿಸ್ತು."

ಆಕೆ ಮೊಣಕೈಯಿಂದ ಕಣ್ಣೊರೆಸಿಕೊಂಡರು, ಮತ್ತೆ ನಲ್ಲಿ ಬಿಟ್ಟರು, ಮಾತಾಡತೊಡಗಿದರು. ಐದು ವರ್ಷದ ಮಾತು, ತಡೆಯಿಲ್ಲದೆ, ಪಾತ್ರೆ ತೊಳೆಯುತ್ತಲೇ. ನಾಲ್ಕು ಮಾತಿಗೆ ಒಂದು ಇವರಿಗೆ ದಕ್ಕಿತು. ನಲ್ಲಿ ನಿಲ್ಲಿಸು ಎನ್ನಲು ಧೈರ್ಯ ಬರಲಿಲ್ಲ. ನೀರಿನ ಜೊತೆಗೆ ಮಾತೂ ನಿಂತುಬಿಟ್ಟರೆ? ಎಲ್ಲದಕ್ಕೂ ಹೂಂ ಎಂದರು. ಯಾವ ಆಸ್ಪತ್ರೆ, ಎಷ್ಟು ಗಂಟೆಗೆ ಎಂಬುದೆಲ್ಲ ನೀರಿನಲ್ಲಿ ಕೊಚ್ಚಿಹೋಯಿತು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಟೀಚರು ಬಾಗಿಲು ತೆಗೆದರೆ ಗಡಿಯಾರದವರು ಇಸ್ತ್ರಿ ಅಂಗಿ, ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಅಂಗಡಿಗೆ ಬೀಗ ಬಿದ್ದಿತ್ತು. ಒಳಗೆ ಗೋಡೆಯ ತುಂಬ ಗಡಿಯಾರಗಳು ಸರಿಯಾದ ಸಮಯ ತೋರಿಸುತ್ತಿದ್ದವು. ಹೊರಡುವ ಹೊತ್ತು ಯಾವುದೆಂಬುದು ಮಾತ್ರ ಇವರಿಗೆ ಗೊತ್ತಿರಲಿಲ್ಲ.

ಟೀಚರು ಗಂಡನ ಬೂಟನ್ನು ನೋಡಿದರು, ಮುಖ ನೋಡಿದರು. ಕೂಗಲು ಬಾಯಿ ತೆರೆದವರು ಹಾಗೇ ಮುಚ್ಚಿದರು. ಬಂದು ಪಕ್ಕದಲ್ಲಿ ಕೂತು ಕಿವಿಯ ಹತ್ತಿರಕ್ಕೆ ಬಾಗಿದರು.

"ಹನ್ನೊಂದು ಗಂಟೆಗೆ, ರೀ," ಎಂದು ಮೆಲ್ಲಗೆ ಹೇಳಿದರು.

ಈ ಸಲ ಅವರಿಗೆ ಕೇಳಿಸಿತು.