ಮೂರನೆಯ ಸಲ ತೊಳೆಯಲಿಲ್ಲ

ನನ್ನ ಕೆಲಸ ಮಣಿ ತೊಳೆಯುವುದು. ಕೊರಳಿಗೆ ಹಾಕುವ ಮಣಿಯಲ್ಲ, ಕಣ್ಣಿಗೂ ಕಾಣದಷ್ಟು ಸಣ್ಣ ಪಾಲಿಮರ್ ಮಣಿ. ಒಳಗೆ ಇನ್ಸುಲಿನ್ ಇರುತ್ತದೆ. ಚರ್ಮದಡಿ ಚುಚ್ಚಿದರೆ ತಿಂಗಳಿಡೀ ಕರಗುತ್ತಾ ದಿನಕ್ಕಿಷ್ಟೇ ಎಂದು ಔಷಧಿ ಬಿಡುತ್ತದೆ. ಆದರೆ ಮಣಿಯ ಮೈಗೂ ಒಂದಷ್ಟು ಅಂಟಿರುತ್ತದೆ. ಮೂರು ಸಲ ತೊಳೆದು ಅದನ್ನು ತೆಗೆಯದಿದ್ದರೆ ಮೊದಲ ದಿನವೇ ಅಷ್ಟೂ ರಕ್ತಕ್ಕೆ ಸುರಿಯುತ್ತದೆ.

ಆ ಸಲ, ನಾವು ಬೆನ್ನ ಹಿಂದೆ ಆತುರರಾಯರು ಎನ್ನುವ ನಮ್ಮ ಮುಖ್ಯಸ್ಥರು ಗಡಿಯಾರ ನೋಡಿದರು. "ಎರಡು ಸಲ ಸಾಕಮ್ಮ. ನಾಳೆನೇ ಆಸ್ಪತ್ರೆಗೆ ಕಳಿಸ್ಬೇಕು. ಮೂರು ಅಂತ ಬರ್ದುಬಿಡು." ಆತುರಗಾರನಿಗೆ ಬುದ್ಧಿ ಮಟ್ಟ, ಸರಿ. ನನ್ನ ಬುದ್ಧಿ ಲದ್ದಿ ತಿನ್ನುತ್ತಿತ್ತೇ? ಬರೆದೆ, ಸಹಿ ಹಾಕಿದೆ.

ಈ ಹೊಸ ಔಷಧಿಯನ್ನು ಕೊಟ್ಟು ನೋಡುವ ಸಕ್ಕರೆ ಕಾಯಿಲೆಯ ಮಕ್ಕಳ ಪಟ್ಟಿಗೆ ಅಕ್ಕನ ಮಗಳನ್ನು ಕಾಡಿ ಬೇಡಿ ಸೇರಿಸಿದ್ದು ನಾನೇ. ಅವಳ ಸರದಿ ಮುಂದಿನ ತಿಂಗಳು, ಅಷ್ಟರಲ್ಲಿ ಬೇರೆ ಮಣಿ ಬರುತ್ತದೆ ಎಂದುಕೊಂಡಿದ್ದೆ. ಬೇರೆಯವರ ಮಕ್ಕಳು? ಥೂ, ಆ ಯೋಚನೆಯೇ ಬರಲಿಲ್ಲ.

ಯಾರೋ ಬರಲಿಲ್ಲವೆಂದು, ನನಗೆ ತಿಳಿಯದೆಯೇ, ಅವಳನ್ನೇ ಮೊದಲು ಕರೆದರು. ಬೆಳಿಗ್ಗೆ ಚುಚ್ಚಿದರು, ಮಧ್ಯಾಹ್ನ ಶಾಲೆಯಲ್ಲಿ ಬೆವೆತು ಕುಸಿದುಬಿದ್ದಳು. ನಾನು ಆಸ್ಪತ್ರೆಗೆ ಓಡುವಷ್ಟರಲ್ಲಿ ಗ್ಲೂಕೋಸ್ ಹಾಕಿದ್ದರು. ಅಕ್ಕ ಅಂಗಲಾಚುತ್ತಿದ್ದಳು: "ಅದನ್ನ ತೆಗೆದುಬಿಡಿ ಡಾಕ್ಟ್ರೇ!"

"ತೆಗೆಯೋಕೆ ಬರಲ್ಲಮ್ಮ, ತಾನಾಗೇ ಕರಗ್ಬೇಕು. ಔಷಧಿ ದಾಖಲೆ ಎಲ್ಲ ಸರಿಯಾಗಿದೆ. ಅಭ್ಯಾಸಬಲದಲ್ಲಿ ನೀವು ದಿನದ ಇಂಜೆಕ್ಷನ್ನೂ ಕೊಟ್ಟುಬಿಟ್ರಾ?"

"ಇಲ್ಲ," ಎಂದಳು ಅಕ್ಕ. ಆಮೇಲೆ, "ಇಲ್ಲ ಅನ್ಸುತ್ತೆ..."

ಏಳು ವರ್ಷ ಒಂದು ಹೊತ್ತೂ ತಪ್ಪದೆ ಚುಚ್ಚಿದ ಕೈ ಅವಳದು. ನನ್ನತ್ತ ತಿರುಗಿದಳು. "ನೀನಾದ್ರೂ ಹೇಳೇ. ಔಷಧಿಯಲ್ಲೇ ಏನಾದ್ರೂ ತಪ್ಪಿರುತ್ತಾ?"

ಮಾತು ಬಾಯಿಯವರೆಗೂ ಬಂದಿತ್ತು. ಕೆಲಸ, ಸಹಿ, ಪೊಲೀಸು ಎಲ್ಲ ಕಣ್ಮುಂದೆ ಬಂತು. "ಔಷಧಿ ಸರಿಯಾಗೇ ಇತ್ತಕ್ಕಾ," ಎಂದೆ.

ಹುಡುಗಿ ಉಳಿದಳು. ಉಳಿದ ಮಣಿಗಳನ್ನು ಆತುರರಾಯರು ಸದ್ದಿಲ್ಲದೆ ವಾಪಸ್ ತರಿಸಿಕೊಂಡರು. ಅವಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಕಾರಣ, ತಾಯಿಯ ಅಜಾಗರೂಕತೆ. ಅಕ್ಕ ಅದಕ್ಕೂ ತಲೆಬಾಗಿದಳು. "ನಾನೇ ಕೊಟ್ಟಿರ್ಬೇಕು ಕಣ್ರೀ. ಮರೆತಿದೀನಿ ಅಷ್ಟೆ," ಎಂದು ಭಾವನ ಎದುರು ಅತ್ತಳು. ನಾನು ಅವಳ ಬೆನ್ನು ಸವರಿದೆ, ನಾಚಿಕೆಗೆಟ್ಟವಳು.

ಮಣಿ ಪೂರ್ತಿ ಕರಗಿದ ಮೇಲೆ ಮತ್ತೆ ದಿನದ ಇಂಜೆಕ್ಷನ್ ಶುರುವಾಯಿತು. ಮೊದಲ ದಿನ ಧೈರ್ಯಕ್ಕಿರಲಿ ಎಂದು ಅಕ್ಕ ನನ್ನನ್ನು ಕರೆಸಿದ್ದಳು. ಅವಳು ಸಿರಿಂಜ್ ಎತ್ತಿದ್ದೇ ತಡ, ಹುಡುಗಿ ತೋಳು ಎಳೆದುಕೊಂಡು ನನ್ನ ಹಿಂದೆ ಅವಿತಳು.

"ನೀನು ಬೇಡಮ್ಮ. ಚಿಕ್ಕಮ್ಮ ಚುಚ್ಲಿ."

ಅಕ್ಕ ಸಿರಿಂಜನ್ನು ನನ್ನ ಕೈಗೆ ಕೊಟ್ಟಳು.